ಶುಗರ್ ಟೆಸ್ಟಿಗೆ ಬಂದವರಿಗೆ ಕೇಸರಿಬಾತ್

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಾನೂ ಪ್ರೋಗ್ರಾಂ ಕೋಆರ್ಡಿನೇಟರ್ ಆಗಿದ್ದೆ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಧಾರವಾಡದ ಹುಡುಗಿ ಸಹನಾಗೆ ಆಸ್ಪತ್ರೆಯೊಂದರಲ್ಲಿ ಆ ಕೆಲಸ ಈಗಷ್ಟೇ ಸಿಕ್ಕಿದೆ. ಬಿಟಿಎಂ ಲೇಔಟಿನ ನಮ್ಮ ಪಾರ್ಕಿನಲ್ಲಿ ಇಂದು ಅವಳ ಮೊದಲ ಶುಗರ್ ಟೆಸ್ಟ್ ಶಿಬಿರ. ಡಾಕ್ಟರನ್ನು ಕರೆತರಲು ಹೊರಟವಳು, "ಅಂಕಲ್, ಬಂದವರನ್ನ ಸ್ವಲ್ಪ ಕೂಡಸ್ರಿ" ಎಂದಳು.

ಊರಿನ ಮದುವೆಗಳನ್ನೆಲ್ಲ ಮುಂದೆ ನಿಂತು ನಡೆಸಿದವನು ನಾನು. ಬರೀ ಕೂರಿಸಿ ಕಳಿಸಿದರೆ ಮರ್ಯಾದೆಯೇ? ಎದುರಿನ ಹೋಟೆಲಿನಿಂದ ಇಡ್ಲಿ, ಕೇಸರಿಬಾತ್ ತರಿಸಿ ಒತ್ತಾಯ ಮಾಡಿ ಬಡಿಸಿದೆ.

ಡಾಕ್ಟರ್ ಜೊತೆ ಬಂದ ಸಹನಾ ಖಾಲಿ ತಟ್ಟೆಗಳನ್ನು ನೋಡಿ ತಲೆ ಹಿಡಿದುಕೊಂಡಳು.

"ಅಂಕಲ್, ಖಾಲಿ ಹೊಟ್ಟೀಲೆ ಬರ್ರಿ ಅಂತ ಎಲ್ಲಾರಿಗೂ ಫೋನ್ ಮಾಡಿ ಹೇಳಿದ್ನಲ್ರಿ."

"ಹಾಗೇ ಬಂದಿದ್ರಮ್ಮ. ಪಾಪ ಅಂತ ತಾನೆ ತಿಂಡಿ ಕೊಟ್ಟಿದ್ದು."

"ಈ ಟೆಸ್ಟಿಗೆ ಹಸಿದಿರಬೇಕ್ರೀ. ನನ್ನ ಕೆಲಸಾ ಹೋಗ್ತದ."

ಡಾಕ್ಟರ್ ನಗು ತಡೆದುಕೊಂಡು, "ಹೋಗ್ಲಿ ಬಿಡಮ್ಮ, ನಾಳೆ ಮಾಡೋಣ" ಎಂದರು. ಸಹನಾ ಮೈಕ್ ಹಿಡಿದು, ನಾಳೆ ದಯವಿಟ್ಟು ಮತ್ತೆ ಬನ್ನಿ ಎಂದು ಎಲ್ಲರಿಗೂ ಕೈಮುಗಿದಳು. ಒಬ್ಬರೂ ಗೊಣಗಲಿಲ್ಲ. ಮುಂದಿನ ಸಾಲಿನ ಆಂಟಿಯೊಬ್ಬರು ನನ್ನತ್ತ ತಿರುಗಿ, "ನಾಳೆ ಏನ್ ತಿಂಡಿ ಸಾರ್?" ಎಂದರು.

ನಾಳೆ ನಾನು ಪಾರ್ಕಿಗೆ ಕಾಲಿಡಕೂಡದಂತೆ. ಜನ ಎಷ್ಟು ಬರುತ್ತಾರೋ ನಾನೂ ನೋಡುತ್ತೇನೆ.