ಸುಣ್ಣದ ಗೆರೆ ಮುಟ್ಟಿದ ಚೆಂಡು

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ, ಹುಣಸೆಮರಗಳ ಹಿಂದೆ, ಒಂದು ಹಳೆಯ ಕ್ಲಬ್ಬಿದೆ. ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಮೇಲೆ, ಅಲ್ಲಿ ಗಂಡಸರ ಟೆನಿಸ್ ಪಂದ್ಯಾವಳಿ ನಡೆಯುತ್ತದೆ. ಆಟವನ್ನೇ ಕಸುಬು ಮಾಡಿಕೊಂಡವರು ಪುಣೆಯಿಂದ, ಚೆನ್ನೈಯಿಂದ, ನಕ್ಷೆಯಲ್ಲಿ ಹುಡುಕಬೇಕಾದ ದೇಶಗಳಿಂದ ಬರುತ್ತಾರೆ. ಕರಪತ್ರದಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ. ಊರಿನವರ ಬಾಯಲ್ಲಿ ಅದು ‘ಕುಂದಾ ಕಪ್’. ಗೆದ್ದವನಿಗೆ ಬೆಳ್ಳಿ ಕಪ್ಪಿನ ಜೊತೆಗೆ ಊರಿನ ಹೆಸರಾಂತ ಸಿಹಿಯಾದ ಕುಂದಾ ಎರಡು ಕಿಲೋ ಕೊಟ್ಟು, ಒಂದು ಚಮಚವನ್ನಾದರೂ ಎಲ್ಲರೆದುರಿಗೇ ತಿನ್ನಿಸದೆ ಬಿಡುವುದಿಲ್ಲ. ಗೆದ್ದವರ ಹೆಸರನ್ನೆಲ್ಲ ಕಪ್ಪಿನ ಮೇಲೆ ಕೆತ್ತಿದ್ದಾರೆ. ಅವರು ಓಡಿದ, ಜಾರಿದ, ಬಿದ್ದು ಎದ್ದ ಅಂಗಳವನ್ನು ಮಾಡಿದವನ ಹೆಸರು ಎಲ್ಲಿಯೂ ಇಲ್ಲ. ಅವನು ಖಾನಾಪುರದ ರಸೂಲಸಾಬ.

ಖಾನಾಪುರದ ಮಣ್ಣು ಹಂಚಿಗೆ ಹೆಸರಾದದ್ದು. ರಸೂಲಸಾಬನ ಅಪ್ಪ ಹಂಚಿನ ಭಟ್ಟಿಯಲ್ಲಿ ದುಡಿಯುತ್ತಿದ್ದ. ಒಡೆದ ಹಂಚನ್ನು ಕುಟ್ಟಿ ಜರಡಿ ಹಿಡಿದರೆ ಬರುವ ಕೆಂಪು ಪುಡಿ ಟೆನಿಸ್ ಅಂಗಳಕ್ಕೆ ಹೇಳಿ ಮಾಡಿಸಿದ್ದು ಎಂದು ಕ್ಲಬ್ಬಿನವರಿಗೆ ಯಾರೋ ಹೇಳಿದರು. ಟ್ರಾಕ್ಟರಿನಲ್ಲಿ ಪುಡಿ ಹೋಯಿತು, ಅದನ್ನು ಇಳಿಸಿಕೊಡಲು ರಸೂಲಸಾಬನೂ ಹೋದ. ಸಂಜೆಗೆ ವಾಪಸ್ಸು ಬರುತ್ತೇನೆ ಎಂದವನು ಮೂವತ್ತೆರಡು ವರ್ಷ ಅಲ್ಲೇ ಉಳಿದ, ಮನೆ ಮಾತ್ರ ಖಾನಾಪುರದಲ್ಲೇ ಇತ್ತು.

ಟೆನಿಸ್ ಎಂದರೆ ಬಿಳಿ ಬಟ್ಟೆ ಹಾಕಿಕೊಂಡು ಬ್ಯಾಟು ಬೀಸುವುದು ಎಂದು ತಿಳಿದವರು ರಸೂಲಸಾಬನ ಅಂಗೈ ಒಮ್ಮೆ ನೋಡಬೇಕು. ಬೆಳಗ್ಗೆ ಐದಕ್ಕೆ ನೀರು ಹೊಡೆಯಬೇಕು. ಹೆಚ್ಚಾದರೆ ಕೆಸರು, ಕಡಿಮೆಯಾದರೆ ದೂಳು. ತೇವ ನಿಲ್ಲಲಿ ಎಂದು ಉಪ್ಪು ಎರಚಬೇಕು, ರೋಲರ್ ಎಳೆಯಬೇಕು, ಹಗ್ಗ ಹಿಡಿದು ಸುಣ್ಣದ ಗೆರೆ ಎಳೆಯಬೇಕು. ಒಂದು ಸೆಟ್ ಮುಗಿಯಿತು ಎಂದು ಅಂಪೈರು ಕೂಗಿದ ಕೂಡಲೇ ಬ್ರಷ್ ಹಿಡಿದು ಓಡಿ, ಆಟಗಾರರ ಕಾಲಿನ, ಚೆಂಡಿನ ಗುರುತುಗಳನ್ನೆಲ್ಲ ಬಳಿದು ಅಂಗಳವನ್ನು ಹೊಸದು ಮಾಡಬೇಕು. ಅಂಗಳದ ಮೇಲೆ ಒಂದು ಗೀರು ಕಂಡರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಕುಂದಾ ಕಪ್ಪಿನ ಇತಿಹಾಸವನ್ನು ಅವನ ಬಾಯಿಂದಲೇ ಕೇಳಬೇಕು. ಮೊದಲ ವರ್ಷ ನೋಡಲು ಬಂದವರು ನಲವತ್ತು ಮಂದಿ, ಅದರಲ್ಲಿ ಹದಿನೈದು ಮಂದಿ ಪುಕ್ಕಟೆ ಚಹಾಕ್ಕೆ ಬಂದವರು. ಐದನೇ ವರ್ಷ ಫೈನಲ್ಲಿನ ದಿನವೇ ಅಕಾಲ ಮಳೆ ಸುರಿಯಿತು. ರಸೂಲಸಾಬ ಮತ್ತು ಅವನ ಹೆಂಡತಿ ಅಮೀನಾಬೀ ಗೋಣಿಚೀಲ ಹಾಸಿ, ನೀರು ಹೀರಿಸಿ, ಹಿಂಡಿ ಹಿಂಡಿ ಮಧ್ಯಾಹ್ನದೊಳಗೆ ಅಂಗಳ ಒಣಗಿಸಿದರು. ಇನ್ನೊಂದು ವರ್ಷ ಗಡಿ ಗಲಾಟೆಗೆ ಬಂದ್ ಆಗಿ, ಗೋವಾದಿಂದ ಬರುತ್ತಿದ್ದ ಇಬ್ಬರು ಪರದೇಶಿ ಆಟಗಾರರು ಖಾನಾಪುರದಲ್ಲಿ ಸಿಕ್ಕಿಬಿದ್ದರು. ಅಮೀನಾಬೀ ಅವರಿಗೆ ರೊಟ್ಟಿ ತಟ್ಟಿ ಹಾಕಿದಳು. ಅವರಲ್ಲೊಬ್ಬ ಆ ವರ್ಷ ಕಪ್ಪು ಗೆದ್ದ. ಅದು ತನ್ನ ರೊಟ್ಟಿಯ ತಾಕತ್ತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಇನ್ನೊಬ್ಬ ಮೊದಲನೇ ಸುತ್ತಿನಲ್ಲೇ ಮಣ್ಣು ಮುಕ್ಕಿದ್ದನ್ನು ಮಾತ್ರ ಹೇಳುವುದಿಲ್ಲ. ಕೊರೋನಾದ ಎರಡು ವರ್ಷ ಆಟವೇ ಇರಲಿಲ್ಲ. ಆಗಲೂ ರಸೂಲಸಾಬ ದಿನಾ ನೀರು ಹೊಡೆದ. ಯಾರೂ ಕೇಳಿರಲಿಲ್ಲ, ಯಾರೂ ನೋಡಲೂ ಇಲ್ಲ.

ಇಷ್ಟೆಲ್ಲ ಹೇಳುವವನು ಹನ್ನೊಂದನೇ ವರ್ಷಕ್ಕೆ ಬಂದಾಗ ಮಾತ್ರ ಚಹಾ ತರಿಸುತ್ತಿದ್ದ, ಚಹಾ ಮುಗಿಯುವಷ್ಟರಲ್ಲಿ ಮಾತು ಹನ್ನೆರಡಕ್ಕೆ ಹೋಗಿರುತ್ತಿತ್ತು.

ಹನ್ನೊಂದನೇ ವರ್ಷ ಊರಿನ ಹುಡುಗನೊಬ್ಬ ಮೊದಲ ಸಲ ಫೈನಲ್ ಮುಟ್ಟಿದ್ದ. ಅವನು ಶಶಿಧರ, ಬೆಲ್ಲದ ವ್ಯಾಪಾರಿ ಬಸಲಿಂಗಪ್ಪನವರ ಮಗ. ಅವರ ಮೂಲ ಊರಾದ ಬೀಡಿಯಿಂದ ಎರಡು ಟೆಂಪೋ ತುಂಬ ಬೀಗರು ಬಿಜ್ಜರು ಬಂದಿದ್ದರು. ಟೆನಿಸ್ಸಿನಲ್ಲಿ ಅಂಕ ಹೇಗೆ ಏರುತ್ತದೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಚಪ್ಪಾಳೆಗೆ ಕೊರತೆಯೂ ಇರಲಿಲ್ಲ. ಮೂರು ಸೆಟ್ಟಿನಲ್ಲಿ ಎರಡು ಗೆದ್ದವನಿಗೆ ಕಪ್ಪು. ಮೊದಲನೆಯದನ್ನು ಶಶಿಧರ ಗೆದ್ದ. ಎರಡನೆಯದರಲ್ಲಿ ಸರಿಸಮ ಹೋರಾಡಿ, ಸೆಟ್ ಕೈತಪ್ಪುವ ಹಂತದಲ್ಲಿ ಎದುರಾಳಿಯ ಅಂಗಳದ ಕೊನೆಯ ಗೆರೆಗೆ ಒಂದು ಚೆಂಡು ಹೊಡೆದ. ಹೊರಗೆ ಬಿತ್ತು ಎಂದು ಕೂಗು ಬಂತು. ಸೆಟ್ ಎದುರಾಳಿಗೆ ಎಂದು ಅಂಪೈರು ಹೇಳಿದ.

ರಸೂಲಸಾಬ ಬ್ರಷ್ ಹಿಡಿದು ಓಡಿದ. ಆಟಗಾರರಿಬ್ಬರೂ ಕುರ್ಚಿಗೆ ಹೋಗಿ ಕೂರುವ ತನಕ ಅವನು ಕಾಯಬೇಕಿತ್ತು, ಕಾಯಲಿಲ್ಲ. ಮೂಲೆಯಲ್ಲಿ ರೂಪಾಯಿಯಷ್ಟಗಲದ ಗುರುತು ಕಂಡಿತು. ಅದರ ಅಂಚು ಗೆರೆಯ ಮೇಲಿತ್ತು, ಸುಣ್ಣ ಎದ್ದು ಕೆಂಪಿನ ಮೇಲೆ ಚೆಲ್ಲಿತ್ತು. ಚೆಂಡು ಗೆರೆ ಮುಟ್ಟಿದರೆ ಒಳಗೇ ಎಂದು ಲೆಕ್ಕ. ಕಣ್ಣು ಅದನ್ನು ನೋಡಿತು, ಕೈ ಮಾತ್ರ ತನ್ನ ಇಷ್ಟು ವರ್ಷದ ರೂಢಿಯಂತೆ ಬಳಿದುಬಿಟ್ಟಿತು.

ಶಶಿಧರ ಬಲೆ ಸುತ್ತಿ ಬಂದ, ಗುರುತು ನೋಡಿರಿ ಎಂದು ಅಂಪೈರನನ್ನು ಕುರ್ಚಿಯಿಂದ ಇಳಿಸಿದ. ನೋಡಲು ಏನೂ ಇರಲಿಲ್ಲ. “ಕಾಕಾ, ನೀವು ನೋಡೀರೇನ್ರಿ?” ಎಂದು ಕೇಳಿದ. ಹದಿಮೂರು ವರ್ಷ ದಿನಗೂಲಿ ಮಾಡಿ ಆ ತಿಂಗಳಷ್ಟೇ ಕಾಯಂ ಆಗಿದ್ದ ರಸೂಲಸಾಬ, ದೂರದಲ್ಲಿ ಕ್ಲಬ್ಬಿನ ಸೆಕ್ರೆಟರಿ ಕಣ್ಣು ಕೆಕ್ಕರಿಸಿ ನಿಂತದ್ದನ್ನು ಕಂಡು, ಇಲ್ಲವೆಂದು ತಲೆಯಾಡಿಸಿದ. ಶಶಿಧರ ಮತ್ತೊಮ್ಮೆ ಕೇಳಿದ. ಇವನು ಮತ್ತೊಮ್ಮೆ ತಲೆಯಾಡಿಸಿದ.

ಮೂರನೇ ಸೆಟ್ಟಿನಲ್ಲಿ ಶಶಿಧರ ನಿದ್ದೆಯಲ್ಲಿದ್ದವನ ಹಾಗೆ ಆಡಿದ. ಚೆಂಡು ಒಳಗಿತ್ತು, ಒಳಗಿತ್ತು ಎಂದು ಗೊಣಗುತ್ತಲೇ ಸೋತ. ಬಸಲಿಂಗಪ್ಪನವರು ಅರ್ಧಕ್ಕೇ ಎದ್ದರು. “ಕುಣಿಯಾಕ ಬಾರದಾಕಿ ನೆಲಾ ಡೊಂಕ ಅಂದಳಂತ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟುಹೋದರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಅವತ್ತು ಗಾದೆ ಸುಳ್ಳಾಗಿತ್ತು, ಅದು ಗೊತ್ತಿದ್ದದ್ದು ರಸೂಲಸಾಬನೊಬ್ಬನಿಗೆ.

ಆಮೇಲೆ ಶಶಿಧರ ಒಂದೆರಡು ವರ್ಷ ಆಡಿ ಬಿಟ್ಟ, ಮಕ್ಕಳಿಗೆ ಆಟ ಕಲಿಸುವವನಾದ. ಊರಿನ ಬಾಯಲ್ಲಿ ‘ಗೆದ್ದ ಆಟ ಕಳಕೊಂಡ ಶಶಿ’ ಎಂದೇ ಉಳಿದ. ರಮಜಾನಿಗೆ ಅಮೀನಾಬೀ ಮಾಡಿದ ಶೀರಖುರ್ಮಾ ಅವನ ಮನೆಗೆ ತಪ್ಪದೆ ಹೋಗುತ್ತಿತ್ತು, ಬಸವ ಜಯಂತಿಯ ಹೋಳಿಗೆ ಖಾನಾಪುರಕ್ಕೆ ಬರುತ್ತಿತ್ತು. ಹೋಳಿಗೆ ಬಂದ ದಿನ ರಸೂಲಸಾಬ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಹೋಳಿಗೆ ಆಗಿಬರುವುದಿಲ್ಲ ಎಂದು ಹೆಂಡತಿ ನಂಬಿದ್ದಳು.

ಈ ವರ್ಷ ಕಪ್ಪಿಗೆ ಮೂವತ್ತು ತುಂಬಿತು. ಸ್ಮರಣ ಸಂಚಿಕೆ ತರಬೇಕೆಂದು ಕ್ಲಬ್ಬಿನವರು ಕಚೇರಿಯಲ್ಲಿರುವ ಸಮೃದ್ಧಿಗೆ ಆ ಕೆಲಸ ಕೊಟ್ಟರು. ಅವಳು ಶಶಿಧರನ ಹತ್ತಿರವೇ ಆಟ ಕಲಿತವಳು. ಹೋದ ವರ್ಷ ನಿವೃತ್ತನಾಗಿ ಖಾನಾಪುರದ ಮನೆಯಲ್ಲಿದ್ದ ರಸೂಲಸಾಬನನ್ನು ಹುಡುಕಿಕೊಂಡು ಬಂದಳು, ಬರೆದದ್ದನ್ನೆಲ್ಲ ಓದಿ ಹೇಳಿದಳು. ಹನ್ನೊಂದನೇ ವರ್ಷಕ್ಕೆ ಒಂದೇ ಸಾಲಿತ್ತು: ‘ಸ್ಥಳೀಯ ಆಟಗಾರ ಶಶಿಧರ ಮುನ್ನಡೆಯಲ್ಲಿದ್ದೂ ಧೈರ್ಯಗೆಟ್ಟು ಸೋತರು.’

“ಹಂಗ ಬರೀಬ್ಯಾಡವಾ,” ಎಂದ ರಸೂಲಸಾಬ.

“ಹಳೇ ವರದಿಯೊಳಗ ಹಂಗ ಐತ್ರಿ ಅಜ್ಜಾ. ಶಶಿಧರ ಸರ್‌ನೂ ಇರ್ಲಿ ಬಿಡು ಅಂದಾರ. ಸೋಮವಾರ ಪ್ರೆಸ್ಸಿಗೆ ಹೋಗ್ತದ.”

ಅಚ್ಚಾದ ಮೇಲೆ ಅಳಿಸಲು ಬ್ರಷ್ ಇಲ್ಲ. ಸಮೃದ್ಧಿ ಹೋದ ಮೇಲೆ ರಸೂಲಸಾಬ ಅಮೀನಾಬೀಯನ್ನು ಕರೆದು ಕೂರಿಸಿ ಎಲ್ಲ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ.

“ಅಂಗಳದಾಗ ಒಂದ ಗೀರ ಉಳಿಯಾಕ ಬಿಟ್ಟಾವರಲ್ಲ ನೀವು,” ಎಂದಳು. “ಇದನ್ನ ಹೆಂಗ ಇಟ್ಟಕೊಂಡ ಕುಂತ್ರಿ?”

ಮರುದಿನ ಬೆಳಗಿನ ಬಸ್ಸಿಗೆ ಅವನು ಬೆಳಗಾವಿಗೆ ಹೊರಟ. ರಾಮತೀರ್ಥ ನಗರದಲ್ಲಿರುವ ಶಶಿಧರನ ಮನೆಯ ಮುಂದೆ ಎರಡು ಸಲ ಅತ್ತಿಂದಿತ್ತ ದಾಟಿ ಹೋದ. ಮೂರನೇ ಸಲ ಶಶಿಧರನೇ ನೋಡಿದ. ಜಗಲಿಯ ಮೇಲೆ ಕೂತು ಬುಟ್ಟಿಯಲ್ಲಿನ ಹಳೆಯ ಚೆಂಡುಗಳನ್ನು ಒತ್ತಿ ನೋಡಿ, ಸತ್ತದ್ದನ್ನು ಒಂದು ಕಡೆ, ಜೀವವಿದ್ದದ್ದನ್ನು ಒಂದು ಕಡೆ ಹಾಕುತ್ತಿದ್ದ.

“ಬರ್ರಿ ಕಾಕಾ, ಕುಂದರ್ರಿ. ಏನ್ ಇಷ್ಟ ಲಗೂನ ಬಂದ್ರಿ?”

ರಸೂಲಸಾಬ ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಮಾತು ಹನ್ನೆರಡನೇ ವರ್ಷಕ್ಕೆ ಹೋಗುತ್ತದೆ ಎಂದು ಅವನಿಗೆ ತನ್ನ ಮೇಲೇ ಅನುಮಾನ. ನಿಂತೇ ಹೇಳಿದ. “ಆ ಚೆಂಡ ಗೆರಿ ಮುಟ್ಟಿತ್ತೋ ಶಶಿ. ಸುಣ್ಣ ಎದ್ದಿದ್ದು ಖರೇನ ಕಂಡೇನಿ. ಕೈ ತಡೀಲಿಲ್ಲ, ಬಳದ ಬಿಟ್ಟೆ. ನೀ ಕೇಳಿದಾಗ ಸುಳ್ಳ ಹೇಳಿದೆ.”

ಶಶಿಧರನ ಕೈಯಲ್ಲಿದ್ದ ಚೆಂಡು ಕೈಯಲ್ಲೇ ಉಳಿಯಿತು.

“ಎರಡ ಸಲ ಕೇಳಿದ್ದೆ ಕಾಕಾ.”

“ಹೌದು. ಎರಡ ಸಲ.”

“ಅವತ್ತ ನೀವೊಂದ ಮಾತ ಆಡಿದ್ರ…” ಎಂದು ಶುರುಮಾಡಿದವನು ಮುಂದುವರಿಸಲಿಲ್ಲ. ನಲವತ್ತು ದಾಟಿದ ಆ ಗಂಡಸಿನ ಮುಖ ನೋಡಲಾರದೆ ರಸೂಲಸಾಬ ಕೆಳಗೆ ನೋಡಿದ. ಬೈಗುಳ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬೈದಿದ್ದರೆ ಹಗುರಾಗುತ್ತಿತ್ತು.

“ಮೂರನೇ ಸೆಟ್ ನಾನ ಸೋತೇನಿ, ಅದು ನಿಮ್ಮ ತಲಿ ಮ್ಯಾಲ ಬ್ಯಾಡ,” ಎಂದ ಶಶಿಧರ. “ಆದ್ರ ಕಾಕಾ, ಚೆಂಡ ಒಳಗಿತ್ತಂತ ಹೇಳಿ ಹೇಳಿ ಸಾಕಾಗಿ ಬಿಟ್ಟೆ ನಾ. ಯಾರೂ ನಂಬಲಿಲ್ಲ. ಬರ್ತ ಬರ್ತ ನನಗ ನನ್ನ ಕಣ್ಣಿನ ಮ್ಯಾಲ ನಂಬಿಗಿ ಹೋಗಿತ್ತು.”

“ಪುಸ್ತಕದಾಗ ಖರೇ ಬರೀಲಿ. ನನ್ನ ಹೆಸರ ಹಾಕಿ ಬರೀಲಿ. ಸಮೃದ್ಧಿಗೆ ನಾನ ಹೇಳ್ತೀನಿ.”

“ಪುಸ್ತಕದ್ದು ಆಮ್ಯಾಲ ನೋಡೂಣು. ಒಳಗ ಅಪ್ಪ ಅದಾರ.” ಶಶಿಧರ ಎದ್ದು ಬಾಗಿಲ ಕಡೆ ನೋಡಿದ. “ಅವರಿಗೆ ಹೇಳ್ರಿ.”

ಆ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಆ ಆಟದ ಮಾತೆತ್ತಿದವರಿಲ್ಲ. ಅಪ್ಪ ಮಗ ಒಂದೇ ಸೂರಿನಡಿ ಉಂಡರು, ಮದುವೆ ಮುಂಜಿಗೆ ಜೊತೆಯಾಗಿ ಹೋದರು, ಬೆಲ್ಲದ ದರ ಮಾತಾಡಿದರು. ಬಸಲಿಂಗಪ್ಪನವರು ಮತ್ತೆ ಒಂದು ದಿನವೂ ಮಗನ ಆಟ ನೋಡಲು ಹೋಗಲಿಲ್ಲ. ಈಗ ಅವರಿಗೆ ಎಪ್ಪತ್ತೆಂಟು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಪೇಪರು ಹಿಡಿದು ಕೂತಿದ್ದರು.

“ರಸೂಲಸಾಬ್ರ ಏನ? ಬರ್ರಿ ಬರ್ರಿ.”

ರಸೂಲಸಾಬ ನೆಲದ ಮೇಲೆಯೇ ಕೂತ. ಜಗಲಿಯಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಹೇಳುವುದು ಕಷ್ಟವಾಯಿತು. ಗುರುತು ಎಲ್ಲಿತ್ತು, ಎಷ್ಟಗಲ ಇತ್ತು, ಸುಣ್ಣ ಯಾವ ಕಡೆ ಚೆಲ್ಲಿತ್ತು ಎಂದು ಬೆರಳಿನಿಂದ ನೆಲದ ಮೇಲೆ ಬರೆದು ತೋರಿಸಿದ. “ನಿಮ್ಮ ಮಗಾ ಖರೇ ಹೇಳಿದ್ದರಿ ಯಜಮಾನ್ರ. ಸುಳ್ಳ ಹೇಳಿದಾಂವ ನಾ.”

ಬಸಲಿಂಗಪ್ಪನವರು ಪೇಪರು ಮಡಿಚಿದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಬಾಗಿಲ ಹೊರಗೆ ನಿಂತಿದ್ದ ಮಗನ ಕಡೆ ತಿರುಗಿದರು.

“ಹೊರಗ ಯಾಕ ನಿಂತೀಯೋ ಶಶಿ? ಬಾ ಇಲ್ಲೆ.”

ಶಶಿಧರ ಬಂದ. ಅವರು ಪಕ್ಕದ ಜಾಗ ತೋರಿಸಿದರು.

“ಆವತ್ತಿನ ಆಟ ಮೊದಲಿಂದ ಹೇಳು. ನಾ ಅರ್ಧಕ್ಕ ಎದ್ದ ಬಂದೇನಿ.”

ತನ್ನ ಕೆಲಸ ಮುಗಿಯಿತೆಂದು ರಸೂಲಸಾಬ ಎದ್ದ. ಬಸಲಿಂಗಪ್ಪನವರು ಅವನ ಕೈ ಹಿಡಿದು ಜಗ್ಗಿದರು. “ನೀವೆಲ್ಲಿಗಿ ಹೊಂಟ್ರಿ? ಕುಂದರ್ರಿ. ಅಂವ ಎಲ್ಲೆರೆ ಬಿಟ್ಟ ಹೇಳಿದ್ರ ನೀವ ಹೇಳಬೇಕು.”

ಶಶಿಧರ ಅಪ್ಪನ ಪಕ್ಕದಲ್ಲಿ ಕೂತ.

“ಮೊದಲನೇ ಗೇಮಿಗೆ ಸರ್ವಿಸ್ ನಂದಿತ್ತಪ್ಪಾ,” ಎಂದು ಶುರುಮಾಡಿದ.