ಕಣಜದ ಪಕ್ಕದ ಕೋಣೆ

ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಲೆಗಳನ್ನು ಕೊಂಡು ಮಾರುವುದು ನನ್ನ ಕಸುಬು. ಎಲ್ಲಿ ಗೋಡೆ ಬೀಳುತ್ತದೋ ಅಲ್ಲಿ ನಾನು ಹಾಜರು. ಅದಕ್ಕೇ ಜನ ನನಗೆ ಮುರುಕು ಸಾಹುಕಾರ ಎಂದು ಹೆಸರಿಟ್ಟಿದ್ದಾರೆ. ಊರಾಚೆ ಹೊಲದ ನಡುವೆ ಇರುವ ಆ ಒಕ್ಕಲು ಮನೆಗೆ ಮೂವತ್ತು ವರ್ಷಗಳಿಂದ ಹೋಗಿಬಂದು ಮಾಡುತ್ತಿದ್ದೇನೆ. ಹೋದಾಗಲೆಲ್ಲ ಮನೆಯ ಆಕಾರ ಬೇರೆ, ದೊಡ್ಡಕ್ಕನ ಕೋಣೆಯೂ ಬೇರೆ.

ದೊಡ್ಡಕ್ಕ ಆ ಮನೆಯ ಹಿರಿಮಗಳು. ತಾಯಿ ತೀರಿಕೊಂಡಾಗ ಅವರಿಗೆ ಹದಿನಾರು, ತಮ್ಮನಿಗೆ ನಾಲ್ಕು. ತಮ್ಮ ಒಂದು ದಡ ಸೇರಲಿ, ಆಮೇಲೆ ಮದುವೆ ಎಂದರು. ತಮ್ಮ ದಡ ಸೇರಿದ, ಮದುವೆಯೂ ಆಯಿತು. ಅವನದು.

ಮಗಳಿಗೆ ಅನ್ಯಾಯವಾಗಬಾರದೆಂದು ಅಪ್ಪ ಸಾಯುವ ಮೊದಲು ಒಂದು ಪತ್ರ ಮಾಡಿಸಿದ್ದರು. ಹೊಲ, ಮನೆ ಮಗನಿಗೆ; ‘ಕಣಜದ ಪಕ್ಕದ ಕೋಣೆ’ ಮಗಳಿಗೆ, ಜೀವ ಇರುವವರೆಗೆ. ಬರೆಯುವವನು ಉದ್ದಗಲ ಎಷ್ಟು, ಯಾವ ದಿಕ್ಕು ಎಂದು ಕೇಳಿದನಂತೆ.

“ಕಣಜ ಎಲ್ಲಿಗೆ ಓಡಿಹೋಗುತ್ತೋ ಮಾರಾಯ? ಅಷ್ಟು ಬರಿ, ಸಾಕು” ಅಂದರಂತೆ ಅಪ್ಪ.

ತಪ್ಪೇನಿಲ್ಲ. ಒಕ್ಕಲುತನದವರ ಲೆಕ್ಕದಲ್ಲಿ ಗೋಡೆ ಬೀಳಬಹುದು, ಸೂರು ಹಾರಬಹುದು, ಕಣಜ ಕದಲುವುದುಂಟೇ? ಮಣ್ಣಿನ ಗೋಡೆಯ ಆ ಮನೆಯ ನಟ್ಟನಡುವೆ, ನಾಲ್ಕು ಕಲ್ಲಿನ ಮೇಲೆ ಕೂತ ಆಳೆತ್ತರದ ಮರದ ಪೆಟ್ಟಿಗೆ ಅದು. ಮುಂದಿನ ಹಲಗೆಗಳನ್ನು ಒಂದೊಂದಾಗಿ ಸರಿಸಿ ಕಾಳು ತೆಗೆಯಬೇಕು. ಅದಕ್ಕೆ ಅಂಟಿಕೊಂಡಂತೆ ದೊಡ್ಡಕ್ಕನ ಕೋಣೆ: ಒಂದು ಮಂಚ, ಒಂದು ಟ್ರಂಕು, ಬಾಗಿಲಿಗೆ ಒಳಗಿನ ಚಿಲಕ.

“ಹಗಲೆಲ್ಲ ಎಲ್ಲರಿಗೂ ಅಕ್ಕ, ಅತ್ತೆ, ಅತ್ತಿಗೆ. ಚಿಲಕ ಹಾಕಿದ್ಮೇಲೆ ನಾನು ಯಾರಿಗೂ ಏನೂ ಅಲ್ಲ. ಆ ಸುಖ ನಿಮಗೆ ಗೊತ್ತಾಗಲ್ಲ ಬಿಡಿ” ಎಂದು ನನಗೊಮ್ಮೆ ಹೇಳಿದ್ದರು.

ತಮ್ಮನ ಮದುವೆಯಾದ ವರ್ಷ ನಡುಮನೆ ಸಾಲದಾಯಿತು. ಎತ್ತು ಮಾರಿ ಟ್ರ್ಯಾಕ್ಟರ್ ತಂದಿದ್ದರಿಂದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಕಣಜವನ್ನು ಅಲ್ಲಿಗೆ ಸಾಗಿಸಿ ಗೋಡೆ ಒಡೆಯುವುದೆಂದಾಯಿತು. ಬಿಚ್ಚಿದ ಕಂಬಗಳಿಗಾಗಿ ನಾನು ಮೊದಲ ಸಲ ಹೋದದ್ದು ಆಗಲೇ.

“ಅಕ್ಕ, ನಿನ್ನ ಕೋಣೆ ಗೋಡೆನೂ ಹೋಗುತ್ತೆ. ಏನ್ಮಾಡೋಣ?” ತಮ್ಮ ತಲೆ ಕೆರೆದುಕೊಂಡ.

“ಮಾಡೋದೇನೋ? ಅಪ್ಪ ಬರೆಸಿಟ್ಟಿಲ್ವಾ? ಕಣಜ ಎಲ್ಲೋ ನಾನೂ ಅಲ್ಲೇ. ಗಂಡನ ಹಿಂದೆ ಹೋಗೋ ಯೋಗ ಬರಲಿಲ್ಲ, ಕಣಜದ ಹಿಂದಾದ್ರೂ ಹೋಗ್ತೀನಿ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಮ್ಮನ ಎದೆಯ ಭಾರ ಇಳಿಯಿತು. ದೊಡ್ಡಕ್ಕ ಕೊಟ್ಟಿಗೆಯ ಪಕ್ಕದ ಮೇವಿನ ಕೋಣೆಗೆ ಎರಡು ಸಲ ಸುಣ್ಣ ಬಳಿದು ಒಳಗೆ ಹೋದರು. ಸಗಣಿ ವಾಸನೆ ಹೋಗಲು ಮೂರು ವರ್ಷ ಬೇಕಾಯಿತು.

ಆಮೇಲೆ ಮೇವಿನ ಕೋಣೆಯನ್ನೂ ಸೇರಿಸಿಕೊಂಡು ಕೊಟ್ಟಿಗೆಗೆ ಷಟರ್ ಬಂತು, ಟ್ರ್ಯಾಕ್ಟರ್ ಒಳಗೆ ನಿಂತಿತು. ಅಷ್ಟರಲ್ಲಿ ಬೆಳೆ ಹೊಲದಿಂದಲೇ ಲಾರಿ ಹತ್ತುತ್ತಿತ್ತು; ಕಣಜದಲ್ಲಿ ಉಳಿದದ್ದು ಹರಕು ಗೋಣಿ ಮತ್ತು ಇಲಿ ಸಂಸಾರ. ಅದನ್ನು ಹಿತ್ತಲಿನ ತಗಡಿನ ಕೆಳಗೆ ತಳ್ಳಿದರು. ದೊಡ್ಡಕ್ಕ ಅದರ ಪಕ್ಕದ, ಗುದ್ದಲಿ ಹಾರೆ ಇಡುತ್ತಿದ್ದ ಗೂಡಿಗೆ ಹೋದರು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಗೋಡೆ ಇದ್ದಷ್ಟು ಚಾಚ್ಬೇಕು” ಎಂದು ನಕ್ಕರು. ಚಿಲಕ ಮಾತ್ರ ಗಟ್ಟಿಯಾದದ್ದೇ ಹಾಕಿಸಿಕೊಂಡಿದ್ದರು.

ಈ ವರ್ಷ ಮಣ್ಣಿನ ಮನೆ ಪೂರ್ತಿ ಹೋಗಿ ಆರ್‌ಸಿಸಿ ಮನೆ ಎದ್ದಿತು. ಹಿತ್ತಲನ್ನೂ ಬಯಲು ಮಾಡಿ ಕಾಂಪೌಂಡು ಕಟ್ಟಬೇಕೆಂದು ತಮ್ಮ ನನಗೆ ಹೇಳಿಕಳಿಸಿದ.

“ಕಣಜ ಬಿಚ್ಚಿಕೊಂಡು ಹೋಗಿ ಸಾಹುಕಾರ್ರೇ. ಹೋಟೆಲಿನವರು ಗೋಡೆಗೆ ಬಡ್ಕೊಳ್ಳೋಕೆ ಹಳೆ ಹಲಗೆ ಹುಡುಕ್ತಾರಂತಲ್ಲ.”

ಹುಡುಕುತ್ತಾರೆ. ಆ ಹಲಗೆಗಳ ಪಕ್ಕದಲ್ಲಿ ಯಾರಿದ್ದಾರೆಂದು ನನಗೆ ಗೊತ್ತಿತ್ತು. ಆದರೆ ವ್ಯಾಪಾರಿಗೆ ಕಿವಿ ಎರಡು, ಬಾಯಿ ಅರ್ಧ. ಹಲಗೆ ಎಣಿಸಿ ಬೆಲೆ ಹೇಳಿದೆ.

ದೊಡ್ಡಕ್ಕ ಟ್ರಂಕಿನ ತಳದಿಂದ ಪತ್ರ ತೆಗೆದರು. ಪೇಟೆಗೆ ನನ್ನ ಗಾಡಿಯಲ್ಲೇ ಬಂದರು. ಅಂದು ಬರೆದವನು ಈಗಿಲ್ಲ. ಅದೇ ಮೇಜಿನ ಹಿಂದೆ ಅವನ ಮಗ.

“ಕಣಜದ ಪಕ್ಕದ ಕೋಣೆ…” ಅವನು ಓದಿ ತಲೆ ಎತ್ತಿದ. “ಕಣಜ ಎಲ್ಲಿದೆಯಮ್ಮ?”

“ನಾಳೆ ಇವರ ಲಾರಿಲಿರುತ್ತೆ. ಆದ್ರೆ ಅಪ್ಪ ಬರೆಸಿದಾಗ ನಡುಮನೆಲಿತ್ತು. ಆ ಜಾಗ ನನ್ನದಲ್ವಾ?”

“ಅಲ್ಲಿಂದ ಎತ್ತಿದಾಗ ಬೇಡ ಅಂದ್ರಾ?”

“ಇಲ್ಲ. ಕಣಜ ಎಲ್ಲೋ ನಾನೂ ಅಲ್ಲೇ ಅಂದೆ. ತಮಾಷೆಗೆ ಕಣಪ್ಪ.”

“ತಮಾಷೆ ಒಂದು ಸಲ ಆಗುತ್ತಮ್ಮ. ನೀವು ಎರಡು ಸಲ ಹಿಂದೆ ಹೋಗಿದ್ದೀರಿ. ಕಣಜ ಹೋದ ಕಡೆ ಕೋಣೆ ಅಂತ ನೀವೇ ಒಪ್ಪಿದ ಹಾಗಾಯ್ತು. ಈಗ ತಮ್ಮನ ಮೇಲೆ ಕೇಸು ಹಾಕಿದ್ರೆ ಏನೋ ಒಂದು ದಾರಿ ಸಿಗಬಹುದು.”

“ಮೂಗೊರೆಸಿ ಬೆಳೆಸಿದವನ ಮೇಲಾ?”

ಅವನು ಪತ್ರ ಮಡಿಸಿ ಕೊಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಗಾಡಿ ಹತ್ತುವಾಗ ದೊಡ್ಡಕ್ಕನೇ ಅಂದರು: “ಅವತ್ತು ನೀವೂ ನಕ್ಕಿರಿ ಸಾಹುಕಾರ್ರೇ.”

ತಮ್ಮ ಕೆಟ್ಟವನಲ್ಲ, ಅದೇ ತೊಂದರೆ, ಬಯ್ಯುವುದಕ್ಕೂ ಬರುವುದಿಲ್ಲ. “ಒಂದು ಕೋಣೆ ಯಾಕಕ್ಕ? ಹಾಲ್ ಪೂರ್ತಿ ನಿನ್ನದೇ. ಟಿವಿ ಎದುರಿಗೇ ಮಂಚ ಹಾಕಿಸ್ತೀನಿ” ಅಂದ.

“ಹಾಲಿಗೆ ಚಿಲಕ ಇದೆಯೇನೋ?”

“ಚಿಲಕ ಯಾಕೆ? ನಾವೇನು ಹೊರಗಿನವರಾ?”

ಹೊಸ ಮನೆಯಲ್ಲಿ ಮೂರು ಕೋಣೆ: ಒಂದು ಗಂಡಹೆಂಡಿರದು, ಒಂದು ಮಗನದು, ಇನ್ನೊಂದು ನೆಂಟರಿಗೆಂದು ಹಾಸಿಗೆ ಹಾಸಿ ಬೀಗ ಹಾಕಿದ್ದು. ದೊಡ್ಡಕ್ಕ ನೆಂಟರಾಗಿದ್ದರೆ ಸಿಗುತ್ತಿತ್ತು, ಮನೆಯವರಾದದ್ದೇ ತಪ್ಪಾಯಿತು.

ಕಣಜ ಒಂದೇ ಬೆಳಗ್ಗೆ ಬಿಚ್ಚಿಕೊಂಡಿತು. ವಾರ ಬಿಟ್ಟು ಗೂಡಿನ ಬಾಗಿಲು ಕೊಂಡೊಯ್ಯಲು ಹೋದೆ. ಹಾಲ್‌ನಲ್ಲಿ ಸೋಫಾದ ಹಿಂದೆ ಮಂಚ ಬಿದ್ದಿತ್ತು. ಮಂಚಕ್ಕೆ ಅಡ್ಡವಾಗಿ ಎತ್ತಿ ನಿಲ್ಲಿಸಿದ್ದ ಟೀಪಾಯಿಯ ಮರೆಯಲ್ಲಿ ದೊಡ್ಡಕ್ಕ ಸೀರೆ ಮಡಿಸುತ್ತಿದ್ದರು. ನನ್ನನ್ನು ಕಂಡು ಹಿತ್ತಲಿಗೆ ಬಂದರು.

“ಚಿಲಕ ಒಂದು ಬಿಚ್ಚಿಕೊಳ್ಳಲಾ?”

“ತಗೊಳ್ಳಿ ದೊಡ್ಡಕ್ಕ” ಎಂದು ನಾನೇ ತಿರುಪು ಬಿಚ್ಚಿ ಕೈಗಿಟ್ಟೆ. ಬಾಯಿ ಸುಮ್ಮನಿರಬೇಕಲ್ಲ, “ಎಲ್ಲಿಗೆ ಹಾಕ್ತೀರಿ?” ಎಂದುಬಿಟ್ಟೆ.

ಚಿಲಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ನಿಜವಾಗಿಯೂ ಯೋಚಿಸುತ್ತಿದ್ದರು. ಆಮೇಲೆ ನನ್ನ ಅಂಗೈಗೇ ವಾಪಸು ಹಾಕಿದರು.

“ಬಾಗಿಲಿಗೇ ಇರಲಿ ಬಿಡಿ. ಚಿಲಕ ಇಲ್ಲದ್ದನ್ನ ಯಾರು ತಗೋತಾರೆ?”

ಆಳುಗಳು ಬಾಗಿಲು ಹೊತ್ತು ಹೊರಟರು. “ಹುಷಾರು ಕಣ್ರಪ್ಪ, ಅಲ್ಲೊಂದು ಗುಂಡಿ ಇದೆ” ಎಂದು ದೊಡ್ಡಕ್ಕ ಅವರ ಮುಂದೆ ಮುಂದೆ ನಡೆದು, ಗೇಟು ತೆಗೆದು ಹಿಡಿದರು.