ಅಪ್ಪನ ತಾಲೀಮು

ಪುಣೆಯ ಸದಾಶಿವ ಪೇಠದ ಆ ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುವವರು ಹನ್ನೊಂದು ಮಂದಿ ಇದ್ದರೂ ಕ್ಲಾಸು ನಡೆಯುತ್ತಿದ್ದುದು ತ್ರಿವೇಣಿಯಿಂದ. ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು, ಯಾವ ಬ್ಯಾಚು ಯಾವ ಕೋಣೆಗೆ, ಯಾವ ಸರ್ ಇವತ್ತು ರಜೆ, ಯಾರ ಮಗಳು ಗಣಿತ ತಪ್ಪಿಸಿ ಕೆಳಗೆ ವಡಾಪಾವ್ ತಿನ್ನುತ್ತಿದ್ದಾಳೆ ಎಂಬುದನ್ನೆಲ್ಲ ಅವಳು ಯಾವ ಕಾಗದವನ್ನೂ ನೋಡದೆ ಹೇಳುತ್ತಿದ್ದಳು. ಅವಳ ಮರಾಠಿ ಕೇಳಿದವರಿಗೆ ಗೋಕಾಕದ ಕಡೆಯವಳೆಂದು ಗೊತ್ತೇ ಆಗುತ್ತಿರಲಿಲ್ಲ.

ಗಂಡ ಬಸವಲಿಂಗ ಕುರಕುಂಭದ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಆಪರೇಟರ್. ಬೆಳಗ್ಗೆ ಕಂಪನಿ ಬಸ್ಸು ಹತ್ತಿದನೆಂದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಮದುವೆಯಾದ ಒಂಬತ್ತು ವರ್ಷದಲ್ಲಿ ಎರಡು ಸಲ ಬಸಿರು ನಿಂತಿತ್ತು, ಉಳಿದಿರಲಿಲ್ಲ. ಮೂರನೆಯ ಸಲ ನಿಂತಾಗ ತ್ರಿವೇಣಿಗೆ ಮೂವತ್ತನಾಲ್ಕು.

ಮೂರು ತಿಂಗಳು ಕಳೆಯಿತು. ನಾಲ್ಕನೆಯದರಲ್ಲಿ ಬೆನ್ನು ನೋಯತೊಡಗಿತು. ಬಸಿರಿಯ ಬೆನ್ನು ನೋಯದೆ ಯಾರ ಬೆನ್ನು ನೋಯಬೇಕು ಎಂದು ಅವಳು ಸುಮ್ಮನಿದ್ದಳು. ಎದೆಯಲ್ಲಿ ಒಂದು ಗಂಟು ಕೈಗೆ ತಾಗಿತು. ಅದೂ ಹಾಲಿಗಾಗಿ ಇರಬೇಕೆಂದುಕೊಂಡಳು. ತಪಾಸಣೆಗೆ ಹೋದಾಗ ಡಾಕ್ಟರಮ್ಮ ಆ ಗಂಟನ್ನು ಎರಡು ಸಲ ಮುಟ್ಟಿ ನೋಡಿ ಪರೀಕ್ಷೆಗಳಿಗೆ ಚೀಟಿ ಬರೆದರು. ಅಲ್ಲಿಂದ ಹತ್ತು ದಿನದಲ್ಲಿ ಎಲ್ಲ ಪರೀಕ್ಷೆಗಳೂ ಮುಗಿದವು. ಕ್ಯಾನ್ಸರ್ ಬೆನ್ನುಮೂಳೆಗೂ ಯಕೃತ್ತಿಗೂ ಹಬ್ಬಿತ್ತು.

ಕ್ಯಾನ್ಸರ್ ವಾರ್ಡಿನ ಡಾಕ್ಟರು ಮುಚ್ಚಿಡಲಿಲ್ಲ. ಇದು ವಾಸಿಯಾಗುವುದಿಲ್ಲ, ತಡೆದು ತಡೆದು ನಡೆಸಬಹುದು ಎಂದರು. ಬಸಿರು ತೆಗೆಸಿದರೆ ಇನ್ನೂ ಬಲವಾದ ಔಷಧ ಈಗಲೇ ಕೊಡಬಹುದು. ಒಂದಷ್ಟು ತಿಂಗಳು ಹೆಚ್ಚು ಸಿಕ್ಕಾವು, ಖಾತ್ರಿ ಇಲ್ಲ. ಇಟ್ಟುಕೊಂಡರೆ, ಕೂಸಿಗೆ ಅಷ್ಟಾಗಿ ತೊಂದರೆಯಾಗದ ಔಷಧ ಐದನೇ ತಿಂಗಳಿಂದ ಶುರುಮಾಡಿ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುತ್ತದೆ. ಬಸವಲಿಂಗ ಹೆಂಡತಿಯನ್ನು ಉಳಿಸಿಕೊಡಿ ಎಂದ. ಡಾಕ್ಟರು ಅವಳನ್ನು ನೋಡಿದರು. ತ್ರಿವೇಣಿ ಒಂದು ವಾರ ಸಮಯ ಕೇಳಿದಳು.

ಆ ವಾರ ಅವಳು ಕೆಲಸಕ್ಕೂ ಹೋದಳು, ಅಡುಗೆಯನ್ನೂ ಮಾಡಿದಳು, ಸ್ನಾನದ ಮನೆಯ ನಲ್ಲಿ ಬಿಟ್ಟು ಅತ್ತಳು ಕೂಡ. ಸಾಯುವುದಕ್ಕಿಂತ ಅವಳನ್ನು ಹೆಚ್ಚು ಕಾಡಿದ್ದು ಬೇರೆ. ಅವಳ ತಾಯಿ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಗಂಡಸು ನಾನು, ಹೆಣ್ಣುಕೂಸು ಹೇಗೆ ಸಾಕಲಿ ಎಂದು ಅಪ್ಪ ಅವಳನ್ನು ತನ್ನ ಅಣ್ಣನ ಮನೆಯಲ್ಲಿ ಬಿಟ್ಟ. ಅಲ್ಲಿಂದ ಸೋದರಮಾವನ ಮನೆ, ಸೋದರತ್ತೆಯ ಮನೆ, ಹೀಗೆ ಐದು ಮನೆ. ಯಾರೂ ಕೆಟ್ಟವರಲ್ಲ, ಯಾರೂ ಉಪವಾಸ ಕೆಡವಲಿಲ್ಲ. ಆದರೆ ಪ್ರತಿ ಬೇಸಿಗೆ ದೊಡ್ಡವರು ಪಡಸಾಲೆಯಲ್ಲಿ ಕೂತು, ಈ ವರ್ಷ ಇವಳು ಯಾರ ಮನೆಯಲ್ಲಿರಬೇಕು ಎಂದು ಮಾತಾಡುವುದನ್ನು ಅವಳು ಒಳಕೋಣೆಯಿಂದ ಕೇಳುತ್ತಿದ್ದಳು.

ಎಂಟನೆಯ ದಿನ ಅವಳು ಡಾಕ್ಟರಿಗೆ ಕೂಸನ್ನು ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಬಂದಳು. ಮನೆಗೆ ಬಂದು ಗಂಡನನ್ನು ಕೂರಿಸಿಕೊಂಡಳು. ಕೆಳಗಿನ ಮನೆಯ ಸೋನಾಲಿಗೆ ಎರಡು ತಿಂಗಳ ಹಿಂದೆ ಹೆರಿಗೆಯಾಗಿತ್ತು. ದಿನಾ ಬೆಳಗ್ಗೆ ಕೃಷ್ಣಾಬಾಯಿ ಎಂಬ ಮುದುಕಿ ಬಂದು ಆ ಕೂಸಿಗೆ ಎಣ್ಣೆ ತಿಕ್ಕಿ ನೀರು ಎರೆದು ಹೋಗುತ್ತಿದ್ದಳು. ಪೇಠದ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಿಂದವರೇ. ಅವಳ ಹತ್ತಿರ ನೀವು ಕಲಿಯಬೇಕು ಎಂದು ತ್ರಿವೇಣಿ ಹೇಳಿದಳು.

ಬಸವಲಿಂಗ ಒಲ್ಲೆನೆಂದು ತಲೆ ಅಲ್ಲಾಡಿಸಿದ.

"ಅದನ್ನ ಕಲತ್ರ, ನೀ ಹೋಗ್ತಿ ಅಂತ ಒಪ್ಪಕೊಂಡಂಗ ಆಗ್ತದ" ಎಂದ.

"ಒಪ್ಪಕೋಬ್ಯಾಡ್ರಿ" ಎಂದಳು ಅವಳು. "ಕೂಸಿಗೆ ಎರಿಯೋದಷ್ಟ ಕಲೀರಿ."

ಕೃಷ್ಣಾಬಾಯಿ ಮೊದಲು ನಕ್ಕಳು. ನಲವತ್ತು ವರ್ಷದ ಕಸುಬಿನಲ್ಲಿ ಗಂಡಸನ್ನು ಬಚ್ಚಲಿಗೆ ಬಿಟ್ಟುಕೊಂಡಿಲ್ಲ ಎಂದು ಮರಾಠಿಯಲ್ಲಿ ಖಡಾಖಂಡಿತವಾಗಿ ಹೇಳಿದಳು. ತ್ರಿವೇಣಿ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ತನ್ನ ಎದೆಯ ವಿಷಯ, ಬೆನ್ನಿನ ವಿಷಯ, ಡಾಕ್ಟರು ಹೇಳಿದ್ದು ಎಲ್ಲವನ್ನೂ ಬಿಡಿಸಿ ಹೇಳಿದಳು. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು, ಹಾಗಾದರೆ ರವಿವಾರದಿಂದ ಬರಲಿ, ಉಗುರು ಕತ್ತರಿಸಿಕೊಂಡು ಬರಲಿ ಎಂದಳು. ಸೋನಾಲಿಯ ಒಪ್ಪಿಗೆಯನ್ನೂ ಕೃಷ್ಣಾಬಾಯಿಯೇ ಪಡೆದಳು.

ಮೊದಲ ರವಿವಾರ ಬಸವಲಿಂಗ ಚಡ್ಡಿ ಹಾಕಿಕೊಂಡು, ಬಚ್ಚಲಿನಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತ. ಕೃಷ್ಣಾಬಾಯಿ ಎಣ್ಣೆ ಹಚ್ಚಿದ ಕೂಸನ್ನು ಅವನ ನೀಡಿದ ಕಾಲ ಮೇಲೆ ಬೋರಲು ಮಲಗಿಸಿದಳು. ಸಾವಿರ ಲೀಟರಿನ ಕುದಿಯುವ ಆಮ್ಲದ ತೊಟ್ಟಿ ನೋಡಿಕೊಳ್ಳುವ ಮನುಷ್ಯ, ನಾಲ್ಕು ಕಿಲೋ ಕೂಸಿಗೆ ಗಡಗಡ ನಡುಗಿದ. ಕೂಸು ಚೀರಿತು, ಇವನು ತಂಬಿಗೆ ಕೈಬಿಟ್ಟ, ಹೊರಗೆ ಸೋನಾಲಿಯ ಅತ್ತೆ ದೇವರ ಹೆಸರು ಹೇಳಿದರು. ಮೂರನೆಯ ರವಿವಾರದ ಹೊತ್ತಿಗೆ ಕುತ್ತಿಗೆ ಹಿಡಿಯುವುದು ಬಂತು. ಐದನೆಯದಕ್ಕೆ, ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು ತಲೆಗೆ ಎರೆಯುವುದು ಬಂತು. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ತ್ರಿವೇಣಿ ನೋಡುತ್ತಿದ್ದಳು. ತಪ್ಪಿದರೆ ಮತ್ತೆ ಮಾಡಿಸುತ್ತಿದ್ದಳು.

ಆ ಹೊತ್ತಿಗೆ ಅವಳ ಔಷಧ ಶುರುವಾಗಿತ್ತು. ಮೂರು ವಾರಕ್ಕೊಮ್ಮೆ ಹೋಗಿ ಸಲಾಯಿನ್ ಹಚ್ಚಿಸಿಕೊಂಡು ಬರುವುದು, ಮೂರು ದಿನ ವಾಂತಿ, ನಾಲ್ಕನೆಯ ದಿನ ಮತ್ತೆ ಮೇಜು. ಕೂದಲು ಉದುರಿತು. ಪುಣೆಯ ಹೆಣ್ಣುಮಕ್ಕಳೆಲ್ಲ ಸ್ಕೂಟರಿಗೆಂದು ತಲೆ ಮುಖ ಕಟ್ಟಿಕೊಂಡೇ ಓಡಾಡುವ ಊರಿನಲ್ಲಿ ಇವಳ ಸ್ಕಾರ್ಫು ಯಾರ ಕಣ್ಣಿಗೂ ಬೀಳಲಿಲ್ಲ. ಹತ್ತನೇ ತರಗತಿಯ ಪರೀಕ್ಷೆ ಮುಗಿಯುವವರೆಗೆ ಬರುತ್ತೇನೆ ಎಂದಿದ್ದಳು, ಬಂದಳು.

ಏಳನೇ ತಿಂಗಳಲ್ಲಿ ಅತ್ತೆ ರುದ್ರವ್ವ ಬಾರಾಮತಿಯಿಂದ ಬಂದರು. ದೊಡ್ಡ ಮಗ ಅಲ್ಲಿ ಸಕ್ಕರೆ ಕಾರ್ಖಾನೆಯಲ್ಲಿದ್ದ. ಅವರು ಅವನ ಮನೆಯಲ್ಲೇ ಇದ್ದರು. ಸೊಸೆಯ ತಲೆ ನೋಡಿ ಅತ್ತರು, ಎರಡು ದಿನ ರೊಟ್ಟಿ ಬಡಿದರು. ಮೂರನೆಯ ದಿನ ಊಟಕ್ಕೆ ಕೂತಾಗ ವಿಷಯ ತೆಗೆದರು. ಕೂಸು ಹುಟ್ಟಿದ ಮೇಲೆ ಬಾರಾಮತಿಗೆ ಒಯ್ಯುವುದೆಂದು ದೊಡ್ಡ ಮಗ ಸೊಸೆ ಕೂಡಿ ನಿಶ್ಚಯಿಸಿದ್ದರು. ಅಲ್ಲಿ ಆಡಲಿಕ್ಕೆ ಮಕ್ಕಳಿವೆ, ಅಂಗಳವಿದೆ, ಹಾಲಿದೆ.

"ಗಂಡಸ ಮಗಾ ಕೂಸ ಹೆಂಗ ಸಾಕ್ತಾನ ತ್ರಿವೇಣಿ? ನೀನ ಹೇಳು."

"ನಮ್ಮಪ್ಪನೂ ಹಂಗ ಅಂದಿದ್ನರಿ ಅತ್ತಿ" ಎಂದಳು ತ್ರಿವೇಣಿ. ಅವಳ ದನಿ ಏರಲಿಲ್ಲ. "ಅವಾ ಕಲ್ತಿದ್ರ ನಾ ಐದು ಮನಿ ತಿರಗೋದು ತಪ್ಪತಿತ್ತು. ನನ್ನ ಕೂಸು ಒಂದ ಮನ್ಯಾಗ ಬೆಳೀಬೇಕ್ರಿ. ಅದರಪ್ಪನ ಮನ್ಯಾಗ."

ರುದ್ರವ್ವ ಮಗನ ಕಡೆ ತಿರುಗಿದರು. ಅವ್ವನ ಮಾತಿಗೆ ಈವರೆಗೆ ಎದುರಾಡದಿದ್ದ ಬಸವಲಿಂಗ ತುತ್ತು ಕೆಳಗಿಟ್ಟ.

"ಕೂಸು ಇಲ್ಲೇ ಇರ್ತದವ್ವ. ನೀನ ಇಲ್ಲಿಗೆ ಬಾ."

ರುದ್ರವ್ವ ಮುನಿಸಿಕೊಂಡು ಮರುದಿನವೇ ಬಸ್ಸು ಹತ್ತಿದರು.

ದಿನ ತುಂಬಲು ಐದು ವಾರ ಇರುವಾಗ ಹೆರಿಗೆ ಮಾಡಿಸಿದರು. ಹೆಣ್ಣು. ಎರಡು ಕಿಲೋಗೆ ಇನ್ನೂರು ಗ್ರಾಂ ಕಡಿಮೆ. ಅಳು ಮಾತ್ರ ಜೋರು. ಹದಿನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿ ಇತ್ತು. ಔಷಧ ನಡೆದಿದ್ದರಿಂದ ತ್ರಿವೇಣಿ ಎದೆಹಾಲು ಕೊಡುವಂತಿರಲಿಲ್ಲ. ಅದೊಂದೇ ಅವಳನ್ನು ಮುರಿಯಿತು. ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಎದ್ದು, ಆಸ್ಪತ್ರೆಯ ಹಾಲಿನ ಬ್ಯಾಂಕಿನಿಂದ ಬಂದ ಹಾಲನ್ನು ಚಮಚದಿಂದ ಹೇಗೆ ಕುಡಿಸಬೇಕೆಂದು ನರ್ಸಿನಿಂದ ಕಲಿತು, ಗಂಡನಿಗೂ ಕಲಿಸಿದಳು. ಇಂಪನಾ ಎಂದು ಹೆಸರಿಟ್ಟರು. ಪೇಠದವರು ಅರ್ಥ ಕೇಳಿದಾಗಲೆಲ್ಲ, ಕಿವಿಗೆ ಹಿತವಾದದ್ದು ಎಂದು ಅವಳು ಮರಾಠಿಯಲ್ಲಿ ಬಿಡಿಸಿ ಹೇಳುತ್ತಿದ್ದಳು.

ತೂಕ ಎರಡೂವರೆ ಕಿಲೋ ದಾಟುವವರೆಗೆ ಎರೆಯಬೇಡಿ ಎಂದಿದ್ದರು. ದಾಟಿದ ದಿನ ಕೃಷ್ಣಾಬಾಯಿ ತಾನಾಗಿ ಬಂದಳು. ಬಚ್ಚಲ ಬಾಗಿಲಲ್ಲಿ ಕೈಕಟ್ಟಿ ನಿಂತಳೇ ಹೊರತು ಕೂಸನ್ನು ಮುಟ್ಟಲಿಲ್ಲ. ಬಸವಲಿಂಗನ ಕೈ ಆ ದಿನ ನಡುಗಲಿಲ್ಲ. ಬಿಸಿನೀರು ಬೆನ್ನಿಗೆ ಬಿದ್ದೊಡನೆ ಇಂಪನಾ ಅಳು ನಿಲ್ಲಿಸಿ ಅವನ ಕಾಲ ಮೇಲೇ ತೂಕಡಿಸಿತು. ತ್ರಿವೇಣಿ ಟವೆಲು ಹಿಡಿದು ಕಾಯುತ್ತಿದ್ದಳು. ಆ ಬೆಳಗ್ಗೆ ಅವಳಿಗೆ ತನ್ನ ಬೆನ್ನು ನೋವಿನ ನೆನಪೇ ಬರಲಿಲ್ಲ.

ಹೆರಿಗೆಯಾದ ಮೇಲೆ ಅವಳು ಹನ್ನೊಂದು ತಿಂಗಳು ಬದುಕಿದಳು. ಡಾಕ್ಟರು ಅಂದುಕೊಂಡದ್ದಕ್ಕಿಂತ ಅದು ಹೆಚ್ಚು. ಕೂಸು ಬೋರಲು ಬಿದ್ದದ್ದು, ಅಂಬೆಗಾಲಿಟ್ಟದ್ದು, ಮೊದಲ ಹಲ್ಲು ಬಂದದ್ದು ಎಲ್ಲ ನೋಡಿದಳು. ನಡುವೆ ಚೆನ್ನಾಗಿದ್ದ ನಾಲ್ಕು ತಿಂಗಳು ಕ್ಲಾಸಿಗೂ ಹೋಗಿ ಬಂದಳು, ಮುಂದಿನ ವರ್ಷದ ಬ್ಯಾಚುಗಳನ್ನು ಹಾಕಿಕೊಟ್ಟಳು. ಬಸವಲಿಂಗ ಮ್ಯಾನೇಜರನ ಮುಂದೆ ನಾಲ್ಕು ಸಲ ನಿಂತು, ಕುರಕುಂಭ ಬಿಡಿಸಿಕೊಂಡು ಕಂಪನಿಯ ಪುಣೆ ಗೋದಾಮಿಗೆ ವರ್ಗ ಮಾಡಿಸಿಕೊಂಡ. ಸಂಬಳ ಕಡಿಮೆಯಾಯಿತು, ಸಂಜೆ ಐದಕ್ಕೆ ಮನೆಗೆ ಬರುವಂತಾಯಿತು.

ರುದ್ರವ್ವ ಮತ್ತೆ ಬಂದದ್ದು ಕೂಸಿಗೆ ಏಳು ತಿಂಗಳಾದಾಗ, ಟ್ರಂಕಿನ ಸಮೇತ. ಯಾರೂ ಕಾರಣ ಕೇಳಲಿಲ್ಲ. ಅವರು ಕೂಸಿಗೆ ರಾಗಿ ಸರಿ ಕುದಿಸಿದರು, ಸೊಸೆಗೆ ಗಂಜಿ ಕುದಿಸಿದರು, ಮಗ ಬಚ್ಚಲಿನಲ್ಲಿ ಕೂಸಿನ ಕೂಡ ಮಾತಾಡುವುದನ್ನು ಹೊರಗಿನಿಂದ ಕೇಳಿದರು. ಕೊನೆಕೊನೆಗೆ ತ್ರಿವೇಣಿಗೆ ತಲೆದಿಂಬಿನಿಂದ ಏಳಲಾಗದಿದ್ದಾಗ, ಒಂದು ಮಧ್ಯಾಹ್ನ ಅವಳ ಕೈ ಹಿಡಿದು ಹೇಳಿದರು:

"ನೀ ಕಲಿಸಿದ್ದು ಛಲೋ ಆತವ್ವ. ನಾ ಅವಂಗ ಏನೂ ಕಲಿಸಿದ್ದಿಲ್ಲ."

ಅದಾದ ಒಂಬತ್ತನೆಯ ದಿನ, ಬೆಳಗ್ಗೆ ಹತ್ತರ ಸುಮಾರಿಗೆ, ಮನೆಯಲ್ಲೇ ಅವಳ ಉಸಿರು ನಿಂತಿತು. ಬಸವಲಿಂಗ ಪಕ್ಕದಲ್ಲಿದ್ದ. ಕೂಸಿಗೆ ಹಸಿವಾಗುವವರೆಗೆ ಅವನು ಅಲ್ಲಿಂದ ಏಳಲಿಲ್ಲ, ಹಸಿವಾದಾಗ ಎದ್ದ.

ಇಂಪನಾಗೆ ಈಗ ಮೂರು ತುಂಬಿ ನಾಲ್ಕು ನಡೆಯುತ್ತಿದೆ. ಓಣಿಯ ತುದಿಯ ಬಾಲವಾಡಿಗೆ ಹೋಗುತ್ತಾಳೆ, ಅಜ್ಜಿಯ ಜೊತೆ ಕನ್ನಡದಲ್ಲಿ ಜಗಳ, ಸೋನಾಲಿಯ ಮಗನ ಜೊತೆ ಮರಾಠಿಯಲ್ಲಿ ಜಗಳ. ಎರಡು ಜಡೆ ಹಾಕಿಸಿಕೊಳ್ಳುವುದು ಅಪ್ಪನ ಕೈಯಲ್ಲೇ ಆಗಬೇಕು. ಬೈತಲೆ ಇನ್ನೂ ಸೊಟ್ಟಗಾಗುತ್ತದೆ, ಅವಳು ಬಿಚ್ಚಿಸಿ ಮತ್ತೆ ಹಾಕಿಸಿಕೊಳ್ಳುತ್ತಾಳೆ.